ರೇಸರ್‌ಗಳು ನಿಧಾನಕ್ಕೆ ಹೋಗೋ ರೈಡ್

1/10

ಒಂದು ಬೈಕ್ ರೈಡ್ ಇದೆ. ಅದರಲ್ಲಿ ದೊಡ್ಡ ದೊಡ್ಡ ರೇಸರ್‌ಗಳೇ ಇರ್ತಾರೆ, ಆದ್ರೆ ಯಾರೂ ಯಾರನ್ನೂ ಓವರ್‌ಟೇಕ್ ಮಾಡಲ್ಲ.

ಹೆಸರು ಕೈಲ್ ಪೆಟಿ ಚಾರಿಟಿ ರೈಡ್ ಅಕ್ರಾಸ್ ಅಮೆರಿಕ. ಶುರುವಾಗಿದ್ದು 1995ರಲ್ಲಿ. ನಾನಾಗ ಹುಟ್ಟೇ ಇರ್ಲಿಲ್ಲ, ಇದನ್ನ ಓದ್ತಿರೋ ನಮ್ಮ ಕ್ಲಾಸಿನವರು ಯಾರೂ ಹುಟ್ಟಿರ್ಲಿಲ್ಲ. ಹೆಚ್ಚಾಗಿ ಮೇ ತಿಂಗಳಲ್ಲಿ, ಸುಮಾರು ಒಂದು ವಾರ, ಅಮೆರಿಕದ ಹೈವೇಗಳಲ್ಲಿ ನೂರಕ್ಕೂ ಹೆಚ್ಚು ಬೈಕುಗಳು ಸಾಲಾಗಿ ಹೋಗ್ತವೆ. 2019ರಲ್ಲಿ ಅದಕ್ಕೆ 25ನೇ ವರ್ಷ. ಆ ಸಲ ದೇಶದ ವಾಯವ್ಯ ಮೂಲೆಯ ಸಿಯಾಟಲ್‌ನಿಂದ ಆಗ್ನೇಯ ಮೂಲೆಯ ಫ್ಲೋರಿಡಾದ ಕೀ ಲಾರ್ಗೋವರೆಗೆ ಹೋದ್ರು. ಸುಮಾರು 3,700 ಮೈಲಿ. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 6,000 ಕಿಲೋಮೀಟರ್. ಕಾಶ್ಮೀರದಿಂದ ಕನ್ಯಾಕುಮಾರಿಗೆ ಹೋಗಿ ಅರ್ಧಕ್ಕಿಂತ ಹೆಚ್ಚು ದಾರಿ ವಾಪಸ್ ಬಂದ ಹಾಗೆ.

ಈ ರೈಡಿಗೆ ಬರೋ ರೇಸರ್‌ಗಳಲ್ಲಿ ಬಹಳಷ್ಟು ಜನ ಬೈಕ್ ರೇಸರ್‌ಗಳಲ್ಲ. ನಾಸ್ಕಾರ್ ಅಂತ ಅಮೆರಿಕದ ಕಾರ್ ರೇಸ್ ಇದೆಯಲ್ಲ, ಅದರವರು. ಮೊಟ್ಟೆ ಆಕಾರದ ಟ್ರ್ಯಾಕ್‌ನಲ್ಲಿ ನಲವತ್ತು ಕಾರು ಒಂದಕ್ಕೊಂದು ಅಂಟಿಕೊಂಡ ಹಾಗೆ ಹೋಗ್ತವಲ್ಲ, ಅದು. ಗಂಟೆಗೆ 300 ಕಿಲೋಮೀಟರ್ ಹತ್ರ ಓಡಿಸಿದ ಕೈಗಳು ಇಲ್ಲಿ ಬೈಕ್ ಹ್ಯಾಂಡಲ್ ಹಿಡ್ಕೊಂಡು, ಸ್ಪೀಡ್ ಲಿಮಿಟ್ ಬೋರ್ಡ್ ನೋಡ್ಕೊಂಡು, ಇಂಡಿಕೇಟರ್ ಹಾಕ್ಕೊಂಡು ಹೋಗ್ತವೆ.

ನಮ್ಮ ಕ್ಲಾಸ್ ಗ್ರೂಪಲ್ಲಿ ಸೂಳೆಕೆರೆ ರೈಡ್ ಪ್ಲ್ಯಾನ್ ನಡೀತಿದೆ ಅಂತ ಎಲ್ರಿಗೂ ಗೊತ್ತು. ಅದಕ್ಕೇ ಈ ಸೀರೀಸ್. ಕ್ಯಾಪ್ಶನ್ ಉದ್ದ ಆಗುತ್ತೆ ಅಂತ ಹತ್ತು ಭಾಗ ಮಾಡಿದೀನಿ. ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ. ಬೈಕ್ ಓಡಿಸ್ತಾ ಓದ್ಬೇಡಿ, ಪ್ಲೀಸ್.

2/10

ಮೊದಲು ಈ ಪೆಟಿ ಯಾರು ಅಂತ ಹೇಳ್ತೀನಿ.

'ಕಾರ್ಸ್' ಸಿನಿಮಾ ನೋಡಿದೀರಲ್ವಾ? 2006ರದ್ದು. ಕೆಂಪು ಕಾರು ಮೆಕ್ವೀನ್. ಅದರಲ್ಲಿ ಆಕಾಶನೀಲಿ ಬಣ್ಣದ ಒಂದು ಹಳೇ ಕಾರು ಬರುತ್ತೆ, ನಂಬರ್ 43, ಎಲ್ರೂ ಅದನ್ನ 'ದಿ ಕಿಂಗ್' ಅಂತಾರೆ. ಆ ಕಾರಿಗೆ ದನಿ ಕೊಟ್ಟಿದ್ದು ನಿಜವಾದ ಕಿಂಗ್, ರಿಚರ್ಡ್ ಪೆಟಿ. ನಾಸ್ಕಾರ್‌ನಲ್ಲಿ 200 ರೇಸ್ ಗೆದ್ದವರು, 7 ಸಲ ಚಾಂಪಿಯನ್. ಅವರ ಅಪ್ಪ ಲೀ ಪೆಟಿ 1959ರಲ್ಲಿ ಮೊಟ್ಟಮೊದಲ ಡೇಟೋನಾ 500 ಗೆದ್ದವರು. ರಿಚರ್ಡ್ ಮಗ ಕೈಲ್ ಪೆಟಿ, ಅವರೂ ರೇಸರ್, ಕಪ್ ಸರಣಿಯಲ್ಲಿ 8 ರೇಸ್ ಗೆದ್ದಿದ್ದಾರೆ. ಕೈಲ್ ಮಗ ಆಡಮ್ ಕೂಡ ರೇಸರ್. ಅಂದ್ರೆ ನಾಲ್ಕು ತಲೆಮಾರು. ನಮ್ಮ ಕಡೆ ಅಡಿಕೆ ಮಂಡಿ ಅಜ್ಜನಿಂದ ಮೊಮ್ಮಗನಿಗೆ ಬರುತ್ತಲ್ಲ, ಇವರ ಮನೇಲಿ ಸ್ಟೀರಿಂಗ್ ಹಾಗೆ ಬಂದಿದೆ.

ಕೈಲ್‌ಗೆ ಬೈಕ್ ಹುಚ್ಚು. 1995ಕ್ಕೂ ಮುಂಚೆ ಅವರೂ ಫ್ರೆಂಡ್ಸೂ ಸೇರ್ಕೊಂಡು ನಾರ್ತ್ ಕ್ಯಾರೊಲಿನಾದ ಊರಿನಿಂದ ಅರಿಜೋನಾದ ಫೀನಿಕ್ಸ್ ರೇಸ್‌ಗೆ ಬೈಕಲ್ಲೇ ಹೊರಟಿದ್ರು. ವಿಮಾನದಲ್ಲಿ ಕೆಲವೇ ಗಂಟೆ ಹಿಡಿಯೋ ದಾರಿ. ಬೈಕಲ್ಲಿ ಹೋಗ್ತಾ ಹೋಗ್ತಾ ದಾರೀಲಿ ಸಿಕ್ಕಿದವರೆಲ್ಲ ಜೊತೆ ಸೇರ್ಕೊಂಡ್ರು. ಇಷ್ಟು ಜನ ಸುಮ್ನೆ ಬರ್ತಾರೆ ಅಂದ್ರೆ, ಇದರಿಂದ ಏನಾದ್ರೂ ಉಪಯೋಗ ಮಾಡಬಹುದಲ್ಲ ಅನ್ನೋ ಯೋಚನೆ ಹುಟ್ಟಿದ್ದು ಅಲ್ಲಿ. ಮುಂದೆ ಅದೇ ಚಾರಿಟಿ ರೈಡ್ ಆಯ್ತು. ಮೊದಮೊದಲು ಸೇರಿದ ದುಡ್ಡು ದಾರೀಲಿ ಸಿಗೋ ಮಕ್ಕಳ ಆಸ್ಪತ್ರೆಗಳಿಗೆ ಹೋಗ್ತಿತ್ತು.

ನಮ್ಮಲ್ಲೂ ಎಲ್ಲ ಟ್ರಿಪ್ಪೂ ಹೀಗೇ ಅಲ್ವಾ. ಇಬ್ರು ಅಂತ ಹೊರಡ್ತೀವಿ, ಗೇಟ್ ದಾಟೋಷ್ಟರಲ್ಲಿ ಏಳು ಬೈಕು.

3/10

ನೂರಾರು ಬೈಕು ಒಟ್ಟಿಗೆ ಹೋಗೋದು ಅಂದ್ರೆ ಹುಡುಗಾಟ ಅಲ್ಲ. ಇದನ್ನ ನಮ್ಮ ಗ್ರೂಪಿನ ಸ್ಪೀಡ್ ಹೀರೋಗಳಿಗೋಸ್ಕರ ಬರೀತಿದೀನಿ. ಯಾರಿಗೆ ಅಂತ ಅವರಿಗೇ ಗೊತ್ತು.

ಗ್ರೂಪ್ ರೈಡ್‌ನಲ್ಲಿ ಬೈಕುಗಳು ಅಂಕುಡೊಂಕಾಗಿ ನಿಲ್ತವೆ. ಮುಂದಿನವನು ಲೇನಿನ ಎಡಗಡೆ, ನೀನು ಬಲಗಡೆ, ನಿನ್ನ ಹಿಂದಿನವನು ಮತ್ತೆ ಎಡಗಡೆ. ನಿನ್ನ ನೇರ ಮುಂದಿರೋನಿಗೂ ನಿನಗೂ ಮಧ್ಯೆ ಕಮ್ಮಿ ಅಂದ್ರೆ ಎರಡು ಸೆಕೆಂಡ್ ಅಂತರ ಇರ್ಬೇಕು. ಅವನು ದಾಟಿದ ಮೈಲಿಗಲ್ಲನ್ನ ನೀನು ದಾಟೋಕೆ ಎರಡು ಸೆಕೆಂಡ್ ಹಿಡಿಯಬೇಕು, ಅಷ್ಟೇ ಲೆಕ್ಕ. ಮುಂದೆ ದಾರಿ ಗೊತ್ತಿರೋ ಲೀಡ್. ಕಡೇಲಿ ಎಲ್ಲರಿಗಿಂತ ಅನುಭವ ಇರೋ ಒಬ್ಬರು, ಅವರನ್ನ ಸ್ವೀಪ್ ಅಂತಾರೆ. ಗುಡಿಸ್ಕೊಂಡು ಬರೋರು. ಯಾರದ್ದಾದ್ರೂ ಗಾಡಿ ನಿಂತ್ರೆ ಅವರೂ ನಿಲ್ತಾರೆ. ಹೊಸಬರನ್ನ ಲೀಡ್ ಹಿಂದೆಯೇ ಹಾಕ್ತಾರೆ, ಯಾಕಂದ್ರೆ ಗುಂಪಿನ ಸ್ಪೀಡನ್ನ ಅವರು ನಿರ್ಧರಿಸಬೇಕು. ಹಿಂದೆ ಹಾಕಿದ್ರೆ ಮುಂದಿನವರನ್ನ ಹಿಡಿಯೋಕೆ ಅಂತ ಅವರು ಕೈಮೀರಿ ಓಡಿಸ್ತಾರೆ. ಗುಂಡಿ ಕಂಡ್ರೆ ಕಾಲು ಚಾಚಿ ತೋರಿಸೋದು, ನಿಲ್ಲಿಸಬೇಕಂದ್ರೆ ಕೈ ಕೆಳಗೆ ಚಾಚೋದು. ಇದು ಒಬ್ಬರಿಂದ ಒಬ್ಬರಿಗೆ ಹಿಂದಕ್ಕೆ ಹೋಗುತ್ತೆ.

ಈ ನಿಯಮ 200 ರೇಸ್ ಗೆದ್ದವರಿಗೂ ಒಂದೇ, ಮೊದಲ ಸಲ ಬಂದ ಅಕೌಂಟೆಂಟಿಗೂ ಒಂದೇ. ನಂಗೆ ತುಂಬಾ ಇಷ್ಟ ಆಗಿದ್ದು ಇದೇ. ಗೆಲ್ಲೋದನ್ನೇ ಕಲಿತವರು ಇಲ್ಲಿ ಸಾಲಲ್ಲಿ ಹೋಗ್ತಾರೆ.

ಇನ್ನೊಂದು ವಿಷಯ. ಈ ರೈಡ್‌ನ ನಿಜವಾದ ಕೆಲಸ ನಡೆಯೋದು ಬೈಕ್ ಓಡೋವಾಗ ಅಲ್ಲ, ನಿಂತಾಗ. ಪೆಟ್ರೋಲ್ ಹಾಕ್ಸೋಕೆ ನಿಲ್ಸಿದ ಕಡೆ ಊರಿನ ಜನ ಬಂದು ಸೇರಿರ್ತಾರೆ. ಫೋಟೋ, ಆಟೋಗ್ರಾಫ್, ಮಾತು. ಜೇಬಲ್ಲಿರೋ ಚಿಲ್ಲರೆ ಹಾಕಿ ಹೋಗ್ತಾರೆ. ಚಿಲ್ಲರೆ ಚಿಕ್ಕದು, ಪರಿಣಾಮ ದೊಡ್ಡದು ಅನ್ನೋ ಅರ್ಥದ ಹೆಸರೇ ಇದೆ ಆ ಕಾರ್ಯಕ್ರಮಕ್ಕೆ.

4/10

ಯಾರ್ಯಾರು ಬಂದಿದ್ದಾರೆ ನೋಡಿ.

ಹ್ಯಾರಿ ಗ್ಯಾಂಟ್. 1991ರ ಸೆಪ್ಟೆಂಬರ್‌ನಲ್ಲಿ ಸತತ ನಾಲ್ಕು ಕಪ್ ರೇಸ್ ಗೆದ್ದವರು. ಆಗ ಅವರ ವಯಸ್ಸು 51. ಮಿಸ್ಟರ್ ಸೆಪ್ಟೆಂಬರ್ ಅಂತಲೇ ಹೆಸರು ಬಂತು. ಈ ರೈಡ್‌ನ ಖಾಯಂ ಮುಖಗಳಲ್ಲಿ ಅವರೊಬ್ಬರು.

ಹರ್ಷೆಲ್ ಮೆಕ್‌ಗ್ರಿಫ್. ಹುಟ್ಟಿದ್ದು 1927ರಲ್ಲಿ. 1950ರಲ್ಲಿ ಮೆಕ್ಸಿಕೋ ಉದ್ದಕ್ಕೂ ನಡೆದ ಕರೇರಾ ಪನಮೆರಿಕಾನಾ ರೇಸ್ ಗೆದ್ದವರು. 2018ರಲ್ಲಿ, 90ನೇ ವಯಸ್ಸಲ್ಲಿ, ನಾಸ್ಕಾರ್‌ನ ಒಂದು ಪ್ರಾದೇಶಿಕ ಸರಣಿಯ ರೇಸ್‌ನಲ್ಲಿ ಮತ್ತೆ ಕಾರ್ ಓಡಿಸಿದ್ರು. ನಮ್ಮಜ್ಜ ಎಪ್ಪತ್ತಕ್ಕೇ ಟಿವಿಎಸ್ ಎಕ್ಸೆಲ್ ಕೀ ಕೊಟ್ಬಿಟ್ರು.

ಡಾನಿ ಆಲಿಸನ್. ಇವರ ಕತೆ ಮಜಾ ಇದೆ. 1979ರ ಡೇಟೋನಾ 500. ಕೊನೇ ಲ್ಯಾಪ್‌ನಲ್ಲಿ ಡಾನಿ ಮುಂದಿದ್ರು. ಕೇಲ್ ಯಾರ್ಬರೋ ಅವರ ಕಾರಿಗೂ ಇವರ ಕಾರಿಗೂ ಡಿಕ್ಕಿ ಆಗಿ ಇಬ್ರೂ ಗೋಡೆಗೆ ಹೋದ್ರು, ಕಾರಿಳಿದು ಹೊಡೆದಾಟಾನೂ ಆಯ್ತು. ಅರ್ಧ ಲ್ಯಾಪ್ ಹಿಂದಿದ್ದ ರಿಚರ್ಡ್ ಪೆಟಿ ಬಂದು ಗೆದ್ಬಿಟ್ರು. ತನ್ನ ಕೈತಪ್ಪಿದ ಗೆಲುವು ಯಾರ ಮನೆಗೆ ಹೋಯ್ತೋ, ಅದೇ ಮನೆಯವರ ರೈಡ್‌ಗೆ ಡಾನಿ ಬೈಕ್ ತಗೊಂಡು ಬರ್ತಾರೆ.

ಬರೀ ನಿವೃತ್ತಿ ಆದವರಷ್ಟೇ ಅಲ್ಲ. ಡೇವಿಡ್ ರೇಗನ್ ಇನ್ನೂ ಕಪ್ ಸರಣಿಯಲ್ಲಿ ಓಡಿಸ್ತಿದ್ದಾಗಲೇ ಈ ಸಾಲಲ್ಲಿ ಬಂದವರು.

ಬಿಕಾಂನವರು ಒಂದು ನಿಮಿಷ ಇಲ್ಲಿ ನಿಲ್ಲಿ. ಗುಡ್‌ವಿಲ್ ನೆನಪಿದೆಯಾ? ಕಟ್ಟಡ ಅಲ್ಲ, ಮಷೀನ್ ಅಲ್ಲ, ಮುಟ್ಟಕ್ಕಾಗಲ್ಲ, ಆದ್ರೂ ಆಸ್ತಿ. ದುಡ್ಡು ಕೊಟ್ಟು ಕೊಂಡ ಗುಡ್‌ವಿಲ್ಲನ್ನ ಪುಸ್ತಕದಲ್ಲಿ ತೋರಿಸಬಹುದು, ತಾನೇ ದುಡಿದು ಗಳಿಸಿದ್ದನ್ನ ತೋರಿಸೋ ಹಾಗಿಲ್ಲ. ಹ್ಯಾರಿ ಗ್ಯಾಂಟ್ ಕಪ್ ರೇಸ್ ಬಿಟ್ಟಿದ್ದು 1994ರಲ್ಲಿ. ಅಷ್ಟು ವರ್ಷ ಆದ್ಮೇಲೂ ಒಂದು ಪೆಟ್ರೋಲ್ ಬಂಕ್‌ನಲ್ಲಿ ಅವರನ್ನ ನೋಡೋಕೆ ಜನ ನಿಲ್ತಾರೆ. ಯಾವ ಬ್ಯಾಲೆನ್ಸ್ ಶೀಟ್‌ನಲ್ಲೂ ಇಲ್ಲದ ಆ ಆಸ್ತಿಯನ್ನ ಈ ರೈಡ್ ಡಾಲರ್ ಮಾಡುತ್ತೆ. ಇಲ್ಲೀವರೆಗೆ 2 ಕೋಟಿ ಡಾಲರ್‌ಗೂ ಹೆಚ್ಚು.

ಆ ದುಡ್ಡು ಎಲ್ಲಿಗೆ ಹೋಯ್ತು ಅನ್ನೋದು ಮುಂದಿನ ಭಾಗ. ಸ್ವಲ್ಪ ಭಾರ ಇದೆ.

5/10

ಕೈಲ್ ಮಗ ಆಡಮ್ ಪೆಟಿ. ಹುಟ್ಟಿದ್ದು ಜುಲೈ 1980.

2000ನೇ ಇಸವಿ ಏಪ್ರಿಲ್ 2ರಂದು ಟೆಕ್ಸಸ್‌ನಲ್ಲಿ ಅವನು ಮೊದಲ ಸಲ ಕಪ್ ರೇಸ್ ಓಡಿಸಿದ. ಮುತ್ತಜ್ಜ, ಅಜ್ಜ, ಅಪ್ಪ, ಈಗ ಇವನು. ಮೂರು ದಿನಕ್ಕೆ, ಏಪ್ರಿಲ್ 5ಕ್ಕೆ, ಮುತ್ತಜ್ಜ ಲೀ ತೀರಿಕೊಂಡ್ರು. ನಾಲ್ಕನೇ ತಲೆಮಾರು ಟ್ರ್ಯಾಕಿಗೆ ಇಳಿದ ವಾರದಲ್ಲೇ.

ಮೇ 12. ನ್ಯೂ ಹ್ಯಾಂಪ್‌ಶೈರ್ ಟ್ರ್ಯಾಕ್. ರೇಸ್ ಕೂಡ ಅಲ್ಲ, ಪ್ರ್ಯಾಕ್ಟೀಸ್. ತಿರುವಿನಲ್ಲಿ ಆಡಮ್‌ನ ಕಾರು ನೇರ ಹೋಗಿ ಗೋಡೆಗೆ ಹೊಡೀತು. ಥ್ರಾಟಲ್ ಅಂಟಿಕೊಂಡಿತ್ತು ಅಂತ ಹೇಳ್ತಾರೆ, ಅಂದ್ರೆ ಕಾಲು ತೆಗೆದ್ರೂ ವೇಗ ಇಳಿಯಲ್ಲ. ಅವನಿಗೆ 19 ವರ್ಷ.

ನಂಗೀಗ 20. ನಮ್ಮ ಕ್ಲಾಸಲ್ಲಿ 19 ಆಗಿರೋರು ಹನ್ನೊಂದು ಜನ ಇದ್ದಾರೆ, ಎಣಿಸಿದೆ. ಲೆಕ್ಕ ಹಾಕಬಾರದಿತ್ತು ಅನ್ನಿಸ್ತು, ಆದ್ರೂ ಹಾಕಿದೆ.

ಈಗ ನಿಮ್ಮ ಬೈಕ್ ಹ್ಯಾಂಡಲ್‌ನ ಬಲಗಡೆ ನೋಡಿ. ತುಂಬಾ ಗಾಡಿಗಳಲ್ಲಿ ಒಂದು ಕೆಂಪು ಸ್ವಿಚ್ ಇರುತ್ತೆ. ಕಿಲ್ ಸ್ವಿಚ್. ಒತ್ತಿದ್ರೆ ಇಂಜಿನ್ ಅಲ್ಲೇ ಆಫ್. ನಾವು ಅದನ್ನ ಫ್ರೆಂಡ್ ಗಾಡಿ ಸ್ಟಾರ್ಟ್ ಆಗದ ಹಾಗೆ ತಮಾಷೆ ಮಾಡೋಕೆ ಮಾತ್ರ ಬಳಸ್ತೀವಿ. ಆಡಮ್ ಸತ್ತ ವರ್ಷ, ಅದೇ ಟ್ರ್ಯಾಕಿನ ಅದೇ ತಿರುವಿನಲ್ಲಿ, ಎರಡು ತಿಂಗಳೂ ಕಳೆಯೋಕೆ ಮುಂಚೆ ಕೆನ್ನಿ ಅರ್ವಿನ್ ಅನ್ನೋ ಇನ್ನೊಬ್ಬ ರೇಸರ್ ಕೂಡ ಸತ್ರು. ಆಮೇಲೆ ನಾಸ್ಕಾರ್ ಸ್ಟೀರಿಂಗ್ ಮೇಲೆಯೇ, ಬೆರಳಿಗೆ ಸಿಗೋ ಹಾಗೆ, ಕಿಲ್ ಸ್ವಿಚ್ ಕಡ್ಡಾಯ ಮಾಡ್ತು. ಮರುವರ್ಷ 2001ರಲ್ಲಿ ಡೇಲ್ ಅರ್ನ್‌ಹಾರ್ಟ್ ಅಂಥ ದೊಡ್ಡ ರೇಸರ್ ಸತ್ತ ಮೇಲೆ ತಲೆ, ಕತ್ತು ಕಾಪಾಡೋ ಸಾಧನವನ್ನೂ ಕಡ್ಡಾಯ ಮಾಡಿದ್ರು.

ರೇಸ್ ನಿಲ್ಲಲಿಲ್ಲ. ರೇಸ್ ಮಾಡೋ ರೀತಿ ಬದಲಾಯ್ತು. ಈ ಸಾಲನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

6/10

ಮಗ ಹೋದ ಮೇಲೆ ಕೈಲ್ ಏನು ಮಾಡಿದ್ರು?

ಮೊದಲನೇದು, ಮಗನ 45ನೇ ನಂಬರಿನ ಕಾರಿನಲ್ಲಿ ತಾವೇ ಕೂತು ಓಡಿಸಿದ್ರು. ಎರಡನೇದು, ಬೈಕ್ ರೈಡ್ ನಿಲ್ಲಿಸಲಿಲ್ಲ. ಮೂರನೇದು ದೊಡ್ಡದು.

ಫ್ಲೋರಿಡಾದಲ್ಲಿ ಬಾಗಿ ಕ್ರೀಕ್ ಅಂತ ಒಂದು ಕ್ಯಾಂಪ್ ಇದೆ, ಗಂಭೀರ ಕಾಯಿಲೆ ಇರೋ ಮಕ್ಕಳಿಗೆ. ಅಪ್ಪ ಮಗ ಅದನ್ನ ಹೋಗಿ ನೋಡಿದ್ರು. ನಮ್ಮ ನಾರ್ತ್ ಕ್ಯಾರೊಲಿನಾದಲ್ಲೂ ಇಂಥದ್ದೊಂದು ಮಾಡಬೇಕು ಅನ್ನೋದು ಆಡಮ್ ಆಸೆ ಆಗಿತ್ತು. ಅವನು ಹೋದ ಮೇಲೆ ಕೈಲ್ ಮತ್ತೆ ಪ್ಯಾಟಿ ಪೆಟಿ ಅದನ್ನ ಕಟ್ಟೋಕೆ ಹೊರಟ್ರು. ಅಜ್ಜ ರಿಚರ್ಡ್, ಅಜ್ಜಿ ಲಿಂಡಾ ಜಮೀನು ಕೊಟ್ರು. 2004ರಲ್ಲಿ ರ್‍ಯಾಂಡಲ್‌ಮನ್ ಅನ್ನೋ ಊರಲ್ಲಿ ಕ್ಯಾಂಪ್ ಶುರುವಾಯ್ತು. ಹೆಸರು ವಿಕ್ಟರಿ ಜಂಕ್ಷನ್. ರೈಡ್‌ನಲ್ಲಿ ಸೇರೋ ದುಡ್ಡು ಹೋಗೋದು ಇಲ್ಲಿಗೆ. ಮಕ್ಕಳ ಮನೆಯವರು ಒಂದು ಪೈಸೆ ಕೊಡಬೇಕಾಗಿಲ್ಲ.

ಇಂಥ ಕ್ಯಾಂಪುಗಳ ಹಿಂದೆ ಇದ್ದವರು ಪಾಲ್ ನ್ಯೂಮನ್. ಹಾಲಿವುಡ್ ನಟ, ಅವರೂ ರೇಸರ್. 1988ರಲ್ಲಿ ಮೊದಲನೇ ಕ್ಯಾಂಪ್ ತೆರೆದವರು. 'ಕಾರ್ಸ್'ನಲ್ಲಿ ಡಾಕ್ ಹಡ್ಸನ್ ಅಂತ ಗಂಭೀರವಾದ ಕಾರು ಬರುತ್ತಲ್ಲ, ಆ ದನಿ ಅವರದ್ದು. ನಾವು ಚಿಕ್ಕವರಿದ್ದಾಗ ಹತ್ತು ಸಲ ನೋಡಿದ ಸಿನಿಮಾದ ಎರಡು ದನಿಗಳ ಹಿಂದೆ ಈ ಕತೆ ಇತ್ತು.

ಈ ಕ್ಯಾಂಪಲ್ಲಿ ನಂಗೆ ತುಂಬಾ ಹಿಡಿಸಿದ್ದು ಒಂದು ಹೆಸರು. ಅಲ್ಲಿ ಕ್ಲಿನಿಕ್ ಇದೆ, ಡಾಕ್ಟರ್, ನರ್ಸ್ ಇರ್ತಾರೆ. ಆದ್ರೆ ಅದಕ್ಕೆ ಆಸ್ಪತ್ರೆ ಅನ್ನಲ್ಲ. ಬಾಡಿ ಶಾಪ್ ಅಂತಾರೆ. ನೆಗ್ಗಿದ ಕಾರನ್ನ ಸರಿ ಮಾಡ್ತಾರಲ್ಲ, ಆ ಗ್ಯಾರೇಜು. ಇಂಜೆಕ್ಷನ್ ಬೇಕಾ, ಬಾಡಿ ಶಾಪಿಗೆ ಹೋಗು, ರಿಪೇರಿ ಮಾಡಿಸ್ಕೊಂಡು ಬಾ, ಮತ್ತೆ ಆಟಕ್ಕೆ ಇಳಿ. ಈಜು, ಕುದುರೆ ಸವಾರಿ, ಬಿಲ್ಲುಬಾಣ, ಬೌಲಿಂಗ್, ಎಲ್ಲಾ ಇದೆ.

7/10

ಈಗ ನಾನು ಇದನ್ನೆಲ್ಲ ಯಾಕೆ ಬರೀತಿದೀನಿ ಅಂತ ಹೇಳ್ತೀನಿ. ಇದನ್ನ ನನ್ನ ತಮ್ಮ ಓದಿ, ಎರಡು ಸಾಲು ತೆಗೆಸಿ, ಓಕೆ ಅಂದ ಮೇಲೇ ಹಾಕ್ತಿರೋದು.

ನನ್ನ ತಮ್ಮನಿಗೆ 13 ವರ್ಷ. ಹಿಮೋಫಿಲಿಯಾ ಎ. ಹುಟ್ಟೋ ಗಂಡುಮಕ್ಕಳಲ್ಲಿ ಸುಮಾರು 5,000ಕ್ಕೆ ಒಬ್ಬರಿಗೆ ಇರುತ್ತೆ. ರಕ್ತ ಹೆಪ್ಪುಗಟ್ಟೋಕೆ ಬೇಕಾದ ಫ್ಯಾಕ್ಟರ್ 8 ಅನ್ನೋ ಪ್ರೋಟೀನ್ ಅವನ ಮೈಯಲ್ಲಿ ಇಲ್ಲ ಅನ್ನೋಷ್ಟು ಕಮ್ಮಿ. ಗಾಯ ಆದ್ರೆ ರಕ್ತ ಸುರಿದು ಹೋಗುತ್ತೆ ಅಂತ ಎಲ್ರೂ ಅಂದ್ಕೊಳ್ತಾರೆ. ನಿಜವಾದ ತೊಂದರೆ ಒಳಗೆ. ಮಂಡಿ, ಮೊಣಕೈ, ಹಿಮ್ಮಡಿ ಕೀಲುಗಳಲ್ಲಿ ಒಳಗೊಳಗೇ ರಕ್ತ ಸೋರಿ ಊದ್ಕೊಳ್ಳುತ್ತೆ. ಅದು ಪದೇ ಪದೇ ಆದ್ರೆ ಕೀಲು ಹಾಳಾಗುತ್ತೆ. ಔಷಧಿ ಇದೆ, ಫ್ಯಾಕ್ಟರ್ ಇಂಜೆಕ್ಷನ್. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಹಾಕ್ತಾರೆ. ಆದ್ರೆ ಅದು ಮೈಯಲ್ಲಿ ಬಹಳ ಹೊತ್ತು ಉಳಿಯಲ್ಲ, ಹತ್ತು ಹನ್ನೆರಡು ಗಂಟೆಗೆ ಅರ್ಧ ಆಗಿಬಿಡುತ್ತೆ. ಅದಕ್ಕೇ ವಾರಕ್ಕೆ ಎರಡು ಮೂರು ಸಲ ಬೇಕು. ನಮ್ಮನೆ ಫ್ರಿಜ್‌ನಲ್ಲಿ ಮೊಸರಿನ ಪಕ್ಕ ಒಂದು ಡಬ್ಬಿ ಯಾವಾಗಲೂ ಇರುತ್ತೆ. ಅದರ ಮೇಲೆ ತಮ್ಮ ಸ್ಕೆಚ್ ಪೆನ್‌ನಲ್ಲಿ 43 ಅಂತ ಬರೆದಿದ್ದಾನೆ. ಕಿಂಗ್ ಕಾರಿನ ನಂಬರ್.

ಬೈಕ್ ಹುಚ್ಚು ನನಗಿಂತ ಅವನಿಗೆ ಜಾಸ್ತಿ. ಬೀದೀಲಿ ಹೋಗೋ ಗಾಡೀನ ಕಣ್ಣು ಮುಚ್ಕೊಂಡು ಸೌಂಡಲ್ಲೇ ಹೇಳ್ತಾನೆ, ಇದು ಯೂನಿಕಾರ್ನ್, ಇದು ಪಲ್ಸರ್, ಇದರ ಚೈನ್ ಸಡಿಲ ಆಗಿದೆ. ಕೈಲ್ ಪೆಟಿ ರೈಡ್ ಹುಡುಕಿ ನಂಗೆ ಹೇಳಿದ್ದೂ ಅವನೇ. ಅಪ್ಪನ ಸ್ಪ್ಲೆಂಡರ್ ನಾನು ಓಡಿಸೋಕೆ ಕಲಿತಾಗ ಹುಡುಗಿಗೆ ಗೇರ್ ಗಾಡಿ ಯಾಕೆ ಅಂತ ಬೀದಿಯವರು ಅಂದ್ರು. ಗೇಟಲ್ಲಿ ನಿಂತು ಅಕ್ಕಾ ಕ್ಲಚ್ ನಿಧಾನ ಬಿಡು ಅಂತ ಹೇಳಿಕೊಟ್ಟಿದ್ದು ಬೈಕೇ ಹತ್ತದ ಈ ಹುಡುಗ.

8/10

ಹಿಂದಿನ ವರ್ಷ ಅವನ ಸ್ಕೂಲಲ್ಲಿ ಚಿತ್ರದುರ್ಗ ಟ್ರಿಪ್ ಇತ್ತು. ಒಂದೇ ದಿನದ್ದು. ಅಪ್ಪ ದುಡ್ಡು ಕಟ್ಟೋಕೆ ಹೋದ್ರೆ, ಏನಾದ್ರೂ ಆದ್ರೆ ಯಾರು ಜವಾಬ್ದಾರಿ, ಅವನು ಮನೇಲೇ ಇರ್ಲಿ ಅಂದ್ರು. ಅಮ್ಮ ನಾನೇ ಜೊತೆಗೆ ಬರ್ತೀನಿ ಅಂದ್ರೂ ಬೇಡ ಅಂದ್ರು. ಯಾವ ಸ್ಕೂಲು ಅಂತ ಕೇಳ್ಬೇಡಿ, ಹೇಳಲ್ಲ. ಕೆಟ್ಟವರೇನಲ್ಲ ಅವರು, ಹೆದರಿದವರು. ಆ ದಿನ ತಮ್ಮ ಮನೇಲಿ ಕೂತು ಕೋಟೆಯ ಏಳು ಸುತ್ತು ಬಿಡಿಸಿ, ಒಂದೊಂದರಲ್ಲೂ ಬಸ್ ಎಲ್ಲಿ ನಿಂತಿರಬಹುದು ಅಂತ ಗುರುತು ಹಾಕಿದ. ಕೋಟೆ ಒಳಗೆ ಬಸ್ ಹೋಗಲ್ವಲ್ಲೋ ಅಂದೆ. ನನ್ನ ಚಿತ್ರದಲ್ಲಿ ಹೋಗುತ್ತೆ ಅಂದ.

ಅಪಾಯ ಇದೆ ಅನ್ನೋದು ಸುಳ್ಳಲ್ಲ. ಅವನು ಎಡವಿ ಬಿದ್ರೆ ಮಂಡಿ ಊದುತ್ತೆ, ಒಂದು ವಾರ ಮಲಗಬೇಕಾಗುತ್ತೆ. ತಲೆಗೆ ಪೆಟ್ಟು ಬಿದ್ರೆ ಪ್ರಾಣಕ್ಕೇ ತೊಂದರೆ. ಇದನ್ನ ನಮಗಿಂತ ಚೆನ್ನಾಗಿ ಯಾರೂ ತಿಳ್ಕೊಂಡಿಲ್ಲ.

ಆದ್ರೆ ಅಪಾಯದ ಎದುರು ಮಾಡೋಕೆ ಎರಡು ಕೆಲಸ ಇವೆ. ಒಂದು, ಬೇಡ ಅನ್ನೋದು. ಇನ್ನೊಂದು, ವ್ಯವಸ್ಥೆ ಮಾಡೋದು. ಬೇಡ ಅನ್ನೋಕೆ ಅರ್ಧ ನಿಮಿಷ ಸಾಕು, ಖರ್ಚಿಲ್ಲ. ವ್ಯವಸ್ಥೆಗೆ ದುಡ್ಡು ಬೇಕು, ಜನ ಬೇಕು, ತಲೆ ಓಡಿಸಬೇಕು.

ರೇಸರ್‌ಗಳಿಗೆ ಎರಡನೇದು ಚೆನ್ನಾಗಿ ಗೊತ್ತು. ಅವರ ಬದುಕೇ ಅದು. ಹೆಲ್ಮೆಟ್, ಬೆಂಕಿ ತಡೆಯೋ ಬಟ್ಟೆ, ಕಿಲ್ ಸ್ವಿಚ್, ಟ್ರ್ಯಾಕ್ ಪಕ್ಕ ಆಂಬ್ಯುಲೆನ್ಸ್. ಅಪಾಯ ಇಲ್ಲ ಅಂತ ಯಾರೂ ನಟಿಸಲ್ಲ, ಅದಕ್ಕೆ ಬೇಕಾದ್ದನ್ನ ಪಕ್ಕದಲ್ಲಿ ಇಟ್ಕೊಂಡು ಹೊರಡ್ತಾರೆ. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯ. 2021ರಲ್ಲಿ ಅದೇ ರ್‍ಯಾಲಿಯಲ್ಲಿ, ಸೌದಿ ಮರುಭೂಮಿಯಲ್ಲಿ ಬಿದ್ರು, ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ರಿಯಾದ್ ಆಸ್ಪತ್ರೆಗೆ ವಿಮಾನ ಮಾರ್ಗದಲ್ಲಿ ಒಯ್ದರು. ಅವರು ಉಳಿದು ಬಂದ್ರು. ಮರಳುಗಾಡಿನ ನಡುವೆ ಬಿದ್ದವರನ್ನ ಎತ್ತಿಕೊಂಡು ಹೋಗೋ ಏರ್ಪಾಡು ರ್‍ಯಾಲಿ ಶುರುವಾಗೋ ಮುಂಚೆಯೇ ಇತ್ತು.

ಮಗನನ್ನ ವೇಗಕ್ಕೇ ಕಳ್ಕೊಂಡ ಅಪ್ಪ, ಮಕ್ಕಳೇ ಯಾರೂ ಮನೆ ಬಿಟ್ಟು ಹೊರಗೆ ಹೋಗ್ಬೇಡಿ ಅಂತ ಹೇಳಬಹುದಿತ್ತು. ಯಾರೂ ತಪ್ಪು ಅಂತಿರ್ಲಿಲ್ಲ. ಅವರು ಮಕ್ಕಳು ಬರೋಕೆ ಒಂದು ಜಾಗ ಕಟ್ಟಿದ್ರು, ಪಕ್ಕದಲ್ಲಿ ಬಾಡಿ ಶಾಪ್ ಇಟ್ರು.

9/10

ಇದನ್ನ ಹೇಳಿದಾಗ ನನ್ನ ಫ್ರೆಂಡ್ ಒಬ್ಬಳು ಕೇಳಿದ್ಲು, ಒಂದು ವಾರ ಕ್ಯಾಂಪಿಗೆ ಹೋಗಿ ಬಂದ್ರೆ ಕಾಯಿಲೆ ವಾಸಿ ಆಗುತ್ತಾ, ಆ ದುಡ್ಡನ್ನ ಔಷಧಿಗೇ ಕೊಡಬಹುದಲ್ವಾ? ಒಳ್ಳೇ ಪ್ರಶ್ನೆ. ಕಾಸ್ಟ್ ಅಕೌಂಟಿಂಗ್ ಓದೋರು ಕೇಳಲೇಬೇಕಾದ ಪ್ರಶ್ನೆ.

ವಾಸಿ ಆಗಲ್ಲ. ಔಷಧಿ ಮೊದಲು ಬೇಕು, ಅದರಲ್ಲಿ ಎರಡು ಮಾತಿಲ್ಲ. ಔಷಧಿ ಸಿಗದ ಹುಡುಗನಿಗೆ ಕ್ಯಾಂಪ್ ಅನ್ನೋದು ಹಸಿದವನಿಗೆ ಹೂವಿನ ಹಾರ ಹಾಕಿದ ಹಾಗೆ. ಆದ್ರೆ ಔಷಧಿ ಸಿಕ್ಕ ಮೇಲೂ ಒಂದು ಉಳಿಯುತ್ತೆ. ನನ್ನ ತಮ್ಮ ಎಲ್ಲಿ ಹೋದ್ರೂ 'ಹುಷಾರು, ಅವನಿಗೆ ಅದಿದೆ' ಅನ್ನೋ ಹುಡುಗ. ಮದುವೆ ಮನೇಲಿ, ಕ್ಲಾಸಲ್ಲಿ, ಆಟದ ಮೈದಾನದ ಹೊರಗೆ. ಎಲ್ಲಾ ಮಕ್ಕಳಿಗೂ ಏನೋ ಒಂದು ಇರೋ ಜಾಗದಲ್ಲಿ ಯಾರೂ 'ಅದಿರೋ' ಹುಡುಗ ಆಗಿರಲ್ಲ. ಅಲ್ಲಿ ಅವನು ಬಿಲ್ಲು ಚೆನ್ನಾಗಿ ಹೊಡೆಯೋನು, ಇಲ್ಲಾ ರಾತ್ರಿ ಗೊರಕೆ ಹೊಡೆಯೋನು.

ಕೆಲಸಕ್ಕೆ ಬರೋ ಇನ್ನೊಂದು ಲಾಭಾನೂ ಇದೆ. ಹಿಮೋಫಿಲಿಯಾ ಮಕ್ಕಳ ಕ್ಯಾಂಪುಗಳಲ್ಲಿ ಎಷ್ಟೋ ಹುಡುಗರು ತಮ್ಮ ಇಂಜೆಕ್ಷನ್ ತಾವೇ ಹಾಕ್ಕೊಳ್ಳೋದನ್ನ ಕಲೀತಾರೆ. ಪಕ್ಕದ ಹುಡುಗ ಅಳದೆ ಹಾಕ್ಕೊಂಡಿದ್ದನ್ನ ನೋಡಿ. ಅಮ್ಮ ನೂರು ಸಲ ಹೇಳಿದ್ರೂ ಬರದ ಧೈರ್ಯ ಸಮವಯಸ್ಕನನ್ನ ಒಂದು ಸಲ ನೋಡಿದ್ರೆ ಬರುತ್ತೆ. ನನ್ನ ತಮ್ಮ ಇನ್ನೂ ನರ್ಸ್ ಅಕ್ಕನ ಕೈ ಹಿಡ್ಕೊಂಡು ಆಕಡೆ ತಿರುಗ್ತಾನೆ. ಈ ಸಾಲು ಇರ್ಲಿ ಅಂತ ಅವನೇ ಹೇಳಿದ್ದು.

ಅದು ಅಮೆರಿಕ ಕಣೆ, ಅವರ ಹತ್ರ ದುಡ್ಡಿದೆ ಅಂತೀರಾ. ಹೌದು, ಇದೆ. ಆದ್ರೆ ರೈಡ್ ಶುರುವಾದಾಗ ಕ್ಯಾಂಪ್ ಇರ್ಲಿಲ್ಲ. 1995ರಿಂದ 2004ಕ್ಕೆ ಒಂಬತ್ತು ವರ್ಷ. ಮೊದಲು ಇದ್ದಿದ್ದು ಫ್ರೆಂಡ್ಸು, ಬೈಕು, ಪೆಟ್ರೋಲ್ ಬಂಕ್, ಚಿಲ್ಲರೆ. 2020ರಲ್ಲಿ ಕೊರೋನಾ ಬಂದು ರೈಡ್ ನಡೀಲಿಲ್ಲ, ಆಮೇಲೆ ಮತ್ತೆ ಹೊರಟ್ರು. ಫ್ರೆಂಡ್ಸು, ಬೈಕು, ಚಿಲ್ಲರೆ ನಮ್ಮ ಹತ್ರಾನೂ ಇದೆ. ಚಿಲ್ಲರೆ ಸ್ವಲ್ಪ ಕಮ್ಮಿ.

10/10

ಈಗ ಸೂಳೆಕೆರೆ ರೈಡ್ ವಿಷಯ. ಭಾನುವಾರ, ಬೆಳಿಗ್ಗೆ ಆರೂವರೆಗೆ ಕಾಲೇಜ್ ಗೇಟ್. ಹನ್ನೆರಡು ಬೈಕು, ಒಂದು ಓಮ್ನಿ.

ಓಮ್ನಿ ನಮ್ಮ ಮಾವಂದು. ಮಾವನೇ ಓಡಿಸ್ತಾರೆ. ಅದರಲ್ಲಿ ನನ್ನ ತಮ್ಮ ಬರ್ತಾನೆ.

ಡಾಕ್ಟರನ್ನ ಕೇಳಿದೀವಿ. ಬೈಕ್ ಹಿಂದೆ ಕೂರಿಸೋದು ಬೇಡ, ಕಾರಲ್ಲಿ ಸೀಟ್ ಬೆಲ್ಟ್ ಹಾಕ್ಕೊಂಡು ಹೋಗಲಿ, ಹೊರಡೋ ದಿನ ಬೆಳಿಗ್ಗೆ ಡೋಸ್ ಹಾಕಿಸಿ ಅಂದ್ರು. ಇನ್ನೊಂದು ಡೋಸ್ ಐಸ್ ಬಾಕ್ಸ್‌ನಲ್ಲಿ ಇರುತ್ತೆ, ಜೊತೆಗೆ ಅವನ ಕಾಯಿಲೆ, ಬ್ಲಡ್ ಗ್ರೂಪ್, ಆಸ್ಪತ್ರೆ ನಂಬರ್ ಬರೆದ ಚೀಟಿ. ಅಮ್ಮ ಮೂರು ದಿನ ಬೇಡ ಅಂದ್ರು. ನಾಲ್ಕನೇ ದಿನ ಐಸ್ ಬಾಕ್ಸ್ ತಾವೇ ತೊಳೆದು ಬಿಸಿಲಿಗೆ ಇಟ್ರು.

ಅವನು ಸುಮ್ನೆ ಕೂತು ನೋಡೋಕೆ ಬರ್ತಿಲ್ಲ, ಇದನ್ನ ಎಲ್ರೂ ತಿಳ್ಕೊಳ್ಳಿ. ಓಮ್ನಿ ನಮ್ಮ ಸ್ವೀಪ್. ಎಲ್ಲರಿಗಿಂತ ಹಿಂದೆ. ಯಾರು ನಿಂತ್ರು, ಯಾರು ಸಾಲು ಬಿಟ್ರು, ಯಾರು ಎರಡು ಸೆಕೆಂಡ್ ಅಂತರ ಇಟ್ಟಿಲ್ಲ, ಎಲ್ಲಾ ಅವನು ಬರ್ಕೊಳ್ತಾನೆ. ಯಾವ ಗಾಡೀಲಿ ಚೈನ್ ಸೌಂಡ್ ಬರ್ತಿದೆ ಅಂತ ಹೇಳ್ತಾನೆ, ನಂಬಿ. ಪೆಟ್ರೋಲ್ ಲೆಕ್ಕ, ತಿಂಡಿ ಲೆಕ್ಕ ಅವನ ನೋಟ್‌ಬುಕ್‌ನಲ್ಲೇ. ಬಿಕಾಂನವರು ಹನ್ನೆರಡು ಜನ ಇದ್ದೂ ಏಳನೇ ಕ್ಲಾಸಿನವನಿಗೆ ಅಕೌಂಟ್ಸ್ ಕೊಟ್ಟಿದೀವಿ, ನಾಚಿಕೆ ಆಗ್ಬೇಕು ನಮಗೆ.

ನಿಯಮ ಇಷ್ಟೇ. ಹಿಂದೆ ಕೂರೋರಿಗೂ ಹೆಲ್ಮೆಟ್, ಸ್ಟ್ರ್ಯಾಪ್ ಹಾಕಿದ ಹೆಲ್ಮೆಟ್. ಅರವತ್ತು ದಾಟೋ ಹಾಗಿಲ್ಲ. ಹೊಸದಾಗಿ ಓಡಿಸೋರು ಲೀಡ್ ಹಿಂದೆ. ಓವರ್‌ಟೇಕ್ ಮಾಡಿದೋರು ಎಲ್ರಿಗೂ ಬೆಣ್ಣೆ ದೋಸೆ ಕೊಡಿಸ್ಬೇಕು, ಹದಿನಾಲ್ಕು ಪ್ಲೇಟ್ ಮೇಲೆ ಆಗುತ್ತೆ, ಲೆಕ್ಕ ಹಾಕ್ಕೊಂಡು ಗೇರ್ ಏರಿಸಿ. ಅಲ್ಲಿ ಹೋದ್ಮೇಲೆ ಯಾರೂ ಅವನಿಗೆ ಹುಷಾರು ಹುಷಾರು ಅಂತ ಹೇಳ್ಬೇಡಿ. ಹೇಳೋಕೆ ನಾನಿದೀನಿ, ನಾನೇ ಜಾಸ್ತಿ ಹೇಳ್ತೀನಿ. ನೀವು ಅವನ ಹತ್ರ ನಿಮ್ಮ ಬೈಕ್ ಬಗ್ಗೆ ಮಾತಾಡಿ.

ಬರೋರು ಕಾಮೆಂಟಲ್ಲಿ ಗಾಡಿ ಹೆಸರು, ಮಾಡೆಲ್ ವರ್ಷ ಹಾಕಿ. ಪಟ್ಟಿ ಮಾಡ್ತಿರೋದು ಅವನು. ಏರ್ ಚೆಕ್ ಮಾಡ್ಸದೆ ಬಂದವರನ್ನ ಗೇಟಲ್ಲೇ ವಾಪಸ್ ಕಳಿಸ್ತಾನಂತೆ.

#ಸೂಳೆಕೆರೆರೈಡ್ #ಬೈಕ್ #ಹಿಮೋಫಿಲಿಯಾ #ದಾವಣಗೆರೆ #ಬಿಕಾಂಹುಡುಗರು_ಹುಡುಗಿಯರು